ಪುಟ್ಟಮ್ಮ ಕೂರಿಸಿದ ಗಾಳಿಕಿಂಡಿ

ಪುಟ್ಟಮ್ಮನ ಸಿಟ್ಟು ಪುಟ್ಟಮ್ಮನಿಗಿಂತ ಮೊದಲೇ ಬೀದಿಗೆ ಬರುತ್ತಿತ್ತು. ಕೊಟ್ಟಿಗೆಯೊಳಗಿಂದ “ಯಾವನ್ಲಾ ಅದು” ಎಂಬ ಕೂಗು, ಆಮೇಲೆ ಸಗಣಿ ಮೆತ್ತಿದ ಕೈ, ಕೊನೆಗೆ ಆಕೆ. ಬೆಂಗಳೂರಿನ ಅತ್ತಿಗುಪ್ಪೆ ಇನ್ನೂ ಅರ್ಧ ಹಳ್ಳಿ, ಅರ್ಧ ಲೇಔಟ್ ಆಗಿದ್ದ ಎಂಬತ್ತರ ದಶಕದಲ್ಲಿ ಆ ಕೊಟ್ಟಿಗೆ ನಮ್ಮ ಮನೆಯ ಎದುರಿಗೇ ಇತ್ತು. ಗಂಡ ತೀರಿಹೋಗಿ, ಹೊಲವೆಲ್ಲ ಸೈಟಾಗಿ ಹೋದ ಮೇಲೆ ಆಕೆಗೆ ಉಳಿದದ್ದು ಮೂರು ಎಮ್ಮೆ. ಅವುಗಳ ಹಾಲಿನಲ್ಲೇ ಬದುಕು. ನಮ್ಮ ಬೀದಿಯ ಜನ ಆ ಹಾಲನ್ನೇ ಕುಡಿದು, ಆ ಸಗಣಿಗೆ ಮೂಗು ಮುಚ್ಚಿಕೊಳ್ಳುತ್ತಿದ್ದರು. ನೆನೆದರೆ ನನಗೆ ಇವತ್ತೂ ಮೈ ಉರಿಯುತ್ತದೆ.

ನಾನಾಗ ಗುಮಾಸ್ತ. ರಜೆ ಸಿಕ್ಕರೆ ಮೋಟರ್ ಸೈಕಲ್ ಹತ್ತಿ ದೂರದೂರಿಗೆ ಹೋಗುವ ಹುಚ್ಚು. ಅದಕ್ಕೆಂದೇ ಗಾಡಿಯ ಮುಂದೆ ಎದುರುಗಾಳಿ ತಡೆಯುವ ಫೈಬರಿನ ಕವಚ ಕಟ್ಟಿಸಿದ್ದೆ. ಅದರ ಎರಡು ಪಕ್ಕಕ್ಕೂ ಎಂಜಿನ್ನಿಗೆ ಗಾಳಿ ಆಡಲು ಪಟ್ಟಿಪಟ್ಟಿಯ ಕಿಂಡಿ, ಸ್ಕ್ರೂ ಹಾಕಿ ಕೂರಿಸಿದ್ದು. ಆರು ತಿಂಗಳಿಗೇ ಅವು ಸಡಿಲಾಗಿ, ಗಾಡಿ ಶುರು ಮಾಡಿದರೆ ಸಾಕು, ಲಟಲಟ ಎನ್ನತೊಡಗಿದವು. ಸ್ಕ್ರೂ ಬಿಗಿ ಮಾಡಿದೆ. ಫೈಬರ್ ಸೀಳು ಬಿಟ್ಟಿತು. ಕಿಂಡಿಗೆ ಗೋಣಿ ಚೂರು ತುರುಕಿದೆ. ಸದ್ದು ನಿಲ್ಲಲಿಲ್ಲ, ಎಂಜಿನ್ನಿನ ಬಿಸಿ ಮಾತ್ರ ಕಾಲಿಗೆ ಹೊಡೆಯಿತು.

ಒಂದು ಭಾನುವಾರ ಬೆಳಗ್ಗೆ ನಾನು ಹೊರಟಾಗ ಪುಟ್ಟಮ್ಮ ಹಾಲು ಕರೆಯುತ್ತಿದ್ದಳು. ಸದ್ದಿಗೆ ಬೆದರಿದ ಎಮ್ಮೆ ಒದ್ದು, ಕರೆದ ಹಾಲೆಲ್ಲ ಮಣ್ಣುಪಾಲಾಯಿತು. ಖಾಲಿ ಬಕೆಟ್ಟನ್ನು ನನ್ನ ಚಕ್ರದ ಮುಂದೆ ಕುಕ್ಕಿದಳು.

“ಏನ್ಲಾ ಗುಮಾಸ್ತ, ಡಬ್ಬ ಕಟ್ಕೊಂಡು ಮೆರವಣಿಗೆ ಹೊಂಟಿದೀಯ? ಇನ್ನೊಂದ್ಸಲ ಈ ಸದ್ದು ಕೇಳಿಸ್ಲಿ, ಚಕ್ರಾನೇ ಬಿಚ್ಚಾಕ್ತೀನಿ.”

ಬೀದಿಯವರೆಲ್ಲ ಬಾಗಿಲಿಗೆ ಬಂದು ನೋಡಿದರು. ಕೆಲವರು ನಕ್ಕರು. ಅದೇ ಸಂಜೆ ಬೀದಿಯ ಕೊನೆಯ ಮನೆಯವರು ಕಾರ್ಪೊರೇಷನ್ನಿಗೆ ಕೊಡುವ ಅರ್ಜಿಯೊಂದನ್ನು ಹಿಡಿದು ಬಂದರು. ಎಮ್ಮೆಗಳಿಂದ ನಾತ, ಸೊಳ್ಳೆ, ಕೂಡಲೇ ತೆರವು ಮಾಡಿಸಬೇಕು ಎಂದು ಬರೆದಿತ್ತು. ಬೈಸಿಕೊಂಡ ಸಿಟ್ಟು ಇನ್ನೂ ಆರಿರಲಿಲ್ಲ. ಪೂರ್ತಿ ಓದಿಯೇ ಕೊನೆಯ ಸಾಲಿನಲ್ಲಿ ಹೆಸರು ಬರೆದು ಸಹಿ ಹಾಕಿದೆ.

ಎರಡು ದಿನ ಬಿಟ್ಟು ಪುಟ್ಟಮ್ಮ ನಮ್ಮ ಬಾಗಿಲಿಗೆ ಬಂದಳು. ಕೈಯಲ್ಲಿ ಹಳೆಯ ಸೈಕಲ್ ಟ್ಯೂಬು, ಸವೆದ ಹವಾಯಿ ಚಪ್ಪಲಿ, ಗೋಣಿ ಹೊಲಿಯುವ ದಬ್ಬಳ.

“ಬೈದಿದ್ದು ಬೈದಾಯ್ತು. ಗಾಡಿ ತತ್ತಾ ಇಲ್ಲಿ.”

ಮೊದಲು ಗೋಣಿ ಚೂರನ್ನು ಕಿತ್ತು ನನ್ನ ಮುಖದ ಮುಂದೆ ಹಿಡಿದಳು. “ಉಸ್ರಾಡೋ ಜಾಗಕ್ಕೆ ಇದ್ನ ತುರುಕ್ತಾರೇನ್ಲಾ? ನಿನ್ ಮೂಗಿಗೆ ತುರುಕ್ಲಾ?” ಸೀಳಿನ ತುದಿಗೆ ದಬ್ಬಳದಿಂದ ಸಣ್ಣ ತೂತು ಕೊರೆದಳು. ಒಡೆದ ಪ್ಲಾಸ್ಟಿಕ್ ಕೊಡಗಳಿಗೆ ಆಕೆ ಮಾಡುತ್ತಿದ್ದುದೂ ಅದನ್ನೇ. ಸೀಳು ತೂತಿನವರೆಗೆ ಬಂದು ಅಲ್ಲಿಗೆ ನಿಲ್ಲುತ್ತದಂತೆ. ಟ್ಯೂಬನ್ನು ಬೆರಳಗಲ ಕತ್ತರಿಸಿ ಕಿಂಡಿಯ ಅಂಚಿಗೆ ಸುತ್ತಿದಳು. ಚಪ್ಪಲಿಯಿಂದ ಪುಟ್ಟ ಬಿಲ್ಲೆಗಳನ್ನು ಕೊಯ್ದು ಸ್ಕ್ರೂಗಳ ಅಡಿಗೆ ಇಡಿಸಿದಳು. ನಾನು ಹಲ್ಲು ಕಚ್ಚಿ ಸ್ಕ್ರೂ ತಿರುಗಿಸುತ್ತಿದ್ದರೆ ಕೈ ಮೇಲೆ ಒಂದು ಏಟು ಬಿತ್ತು.

“ಸಾಕು ಬಿಡ್ಲಾ. ಗುದ್ಲಿ ಕಾವು ಸಡ್ಲ ಆದ್ರೆ ಬಟ್ಟೆ ಸುತ್ತಿ ಕೂರುಸ್ತೀವಿ. ಸಡ್ಲ ಆಗಿದ್ದಕ್ಕೆ ಮೆತ್ತೆ ಕೊಡ್ಬೇಕು, ಜೋರು ಮಾಡ್ಬಾರ್ದು.”

ಗಾಡಿ ಶುರು ಮಾಡಿದೆ. ಕಿಂಡಿಗಳು ಮಿಸುಕಲಿಲ್ಲ. ಎದುರಿನ ಎಮ್ಮೆ ಕಿವಿಯನ್ನೂ ಎತ್ತಲಿಲ್ಲ.

“ಎಮ್ಮೆ ನಂದು, ಗಾಡಿ ನಿಂದು. ಎರಡೂ ಇದೇ ಬೀದೀಲಿ ಬಾಳ್ಬೇಕಲ್ಲ,” ಎಂದು ಕೈ ಒರೆಸಿಕೊಂಡು ಹೋದಳು. ಮರುದಿನವೇ ಹೋಗಿ ಸಹಿ ಹೊಡೆದುಹಾಕಿಸಬಹುದಿತ್ತು. ಬೀದಿಯವರು ಏನಂದಾರೋ ಎಂದು ಹೇಡಿಯಂತೆ ಸುಮ್ಮನಿದ್ದೆ.

ತಿಂಗಳಾದ ಮೇಲೆ ಪುಟ್ಟಮ್ಮ ಎರಡು ಹಾಳೆ ತಂದು ನನ್ನ ಕೈಗಿಟ್ಟಳು. ಒಂದು, ಹದಿನೈದು ದಿನದಲ್ಲಿ ಎಮ್ಮೆಗಳನ್ನು ತೆಗೆಯಬೇಕೆಂಬ ನೋಟಿಸು. ಇನ್ನೊಂದು, ಅರ್ಜಿಯ ನಕಲು.

“ಯಾರ್ಯಾರು ಹಾಕವ್ರೆ, ಹೆಸ್ರು ಓದು.”

ಓದಿದೆ. ಒಂದೊಂದು ಹೆಸರಿಗೂ ಒಂದೊಂದು ಬೈಗುಳ ಬಿತ್ತು. “ಅವನ ಮಗೀಗೆ ನನ್ ಎಮ್ಮೆ ಹಾಲೇ ಕಣಪ್ಪ ಹೊಯ್ದಿದ್ದು,” ಎಂದಳು ನಡುವೆ ಒಮ್ಮೆ. ಹನ್ನೊಂದನೆಯ ಹೆಸರಿಗೆ ನಿಲ್ಲಿಸಿ ಹಾಳೆ ಮಡಿಸಿದೆ.

ಪುಟ್ಟಮ್ಮನಿಗೆ ಓದು ಬರುತ್ತಿರಲಿಲ್ಲ, ಎಣಿಕೆ ಬರುತ್ತಿತ್ತು. ಹಾಳೆಯನ್ನು ಕಿತ್ತುಕೊಂಡು, ಸಾಲಿನ ಮೇಲೆ ಬೆರಳಿಡುತ್ತ ಕೆಳಗಿನವರೆಗೂ ಬಂದಳು.

“ಹನ್ನೆರಡು ಐತೆ. ನೀನು ಹನ್ನೊಂದು ಓದ್ದೆ.”

“ಬೈಯಿರಿ ಪುಟ್ಟಮ್ಮ,” ಎಂದೆ. ಆಕೆ ಬೈಯಲಿಲ್ಲ. ಹಾಳೆಗಳನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು ರಸ್ತೆ ದಾಟಿ ಹೋದಳು.

ಎಮ್ಮೆಗಳನ್ನು ಹೊಡೆದುಕೊಂಡು ಕೆಂಗೇರಿಯಾಚೆ ತಂಗಿಯ ಊರಿಗೆ ಹೊರಟ ದಿನವೂ ನಾನು ಬಾಗಿಲಲ್ಲೇ ನಿಂತಿದ್ದೆ. ಅವತ್ತಾದರೂ ಒಂದು ಮಾತು ಬೈದಾಳು ಎಂದುಕೊಂಡೆ. ಆಕೆ ಈ ಕಡೆ ತಿರುಗಲಿಲ್ಲ. ಮತ್ತೆ ಆಕೆಯನ್ನು ನೋಡಲಿಲ್ಲ.

ಆ ಗಾಡಿಯನ್ನು ಇನ್ನೂ ಎಂಟು ವರ್ಷ ಓಡಿಸಿದೆ. ಗುಂಡಿ ಬಿದ್ದ ರಸ್ತೆಗಳಲ್ಲಿ ಬೇಕೆಂದೇ ಜೋರಾಗಿ ಹೋಗಿದ್ದೇನೆ. ಆ ಕಿಂಡಿಗಳು ಒಮ್ಮೆಯಾದರೂ ಲಟಲಟ ಎಂದಿದ್ದರೆ ಬೈಸಿಕೊಂಡಷ್ಟು ಸಮಾಧಾನ ಆಗುತ್ತಿತ್ತು. ಅನ್ನಲಿಲ್ಲ.