ಗುಡಾಣಪ್ಪನ ಬಲಗೈ

ನಮ್ಮ ಬೀದಿಯ ಕೊನೆಯ ಮಹಡಿ ಮನೆಯಲ್ಲಿರುವವನನ್ನು ಎಲ್ಲರೂ ಬಲಗೈಯಣ್ಣ ಎಂದೇ ಕರೆಯುವುದು. ಮನುಷ್ಯ ಹುಟ್ಟಾ ಎಡಚ. ಬರೆಯುವುದು, ತಲೆ ಬಾಚುವುದು, ಬೀಗ ತೆಗೆಯುವುದು ಎಲ್ಲ ಎಡಗೈಯಲ್ಲೇ. ಮತ್ತೆ ಈ ಹೆಸರು ಎಲ್ಲಿಂದ ಬಂತು ಅಂತೀರೋ, ಆ ಬಲಗೈ ಅವನದಲ್ಲ, ಒಂದು ಕರಡಿಯದು.

ಕರಡಿ ಅಂದರೆ ಗುಡಾಣಪ್ಪ. ಒಂದು ಕಾಲಕ್ಕೆ ಸಂಜೆಯಾದರೆ ಟಿವಿಯಲ್ಲಿ ಬರುತ್ತಿದ್ದ ಗೊಂಬೆ. ಗುಡಾಣದಂಥ ಹೊಟ್ಟೆ, ಊರಿಗೆಲ್ಲ ಬುದ್ಧಿ ಹೇಳಿ ತಾನೇ ಹಳ್ಳಕ್ಕೆ ಬೀಳುವ ಸ್ವಭಾವ. ಮಕ್ಕಳ ಚೀಲ, ನೀರಿನ ಬಾಟಲಿ, ಚಡ್ಡಿ, ಎಲ್ಲದರ ಮೇಲೂ ಅವನದೇ ಮುಖ. ಅವನ ಬಾಯಿ, ದನಿ, ಎಡಗೈ ಮೂರೂ ನಮ್ಮ ಬಲಗೈಯಣ್ಣನ ಭಾವನವು. ಗೊಂಬೆಯ ತಲೆಯೊಳಗೆ ಒಂದು ಕೈ, ಎಡತೋಳಿನೊಳಗೆ ಇನ್ನೊಂದು ಕೈ ತೂರಿಸಿದರೆ ಆ ಮನುಷ್ಯನಿಗಿದ್ದ ಎರಡು ಕೈಯೂ ಮುಗಿದವು. ಉಳಿದ ಬಲತೋಳಿಗೆ ಹೆಂಡತಿಯ ತಮ್ಮ ಬಂದ. ಎತ್ತರದ ಹಲಗೆಯ ಹಿಂದೆ, ಭಾವನ ಬೆನ್ನಿಗಂಟಿಕೊಂಡು, ಕೈ ಮೇಲೆತ್ತಿ ನಿಲ್ಲುವ ಕೆಲಸ.

ಭಾವ ಬರೆದುಕೊಟ್ಟದ್ದನ್ನು ಒಪ್ಪಿಸುವ ಪೈಕಿ ಅಲ್ಲ. ಮುಂದಿನ ಮಾತು ಏನು ಬರುತ್ತದೋ ಯಾರಿಗೂ ಗೊತ್ತಿರುತ್ತಿರಲಿಲ್ಲ. ಆದರೆ ಪ್ರತಿ ಮಾತಿಗೂ ಮುಂಚೆ ಅವರು ಉಸಿರೆಳೆದುಕೊಳ್ಳುತ್ತಿದ್ದರು. ಅದನ್ನು ಕೇಳಿಯೇ ಇವನಿಗೆ ತಿಳಿಯುತ್ತಿತ್ತು. ಉಸಿರು ಗಿಡ್ಡವಾದರೆ ತಲೆ ಕೆರೆಯಬೇಕು, ಉದ್ದವಾದರೆ ಕೈ ಬೀಸಬೇಕು, ನಡುವೆ ತಡೆದರೆ ಹೊಟ್ಟೆ ಹಿಡಿದು ನಗಬೇಕು. ನೋಡುವವರ ಕಣ್ಣಿಗೆ ಒಂದೇ ಜೀವ. ಭಾವನ ಉಸಿರನ್ನು ಓದುವ ವಿದ್ಯೆ ಲೋಕದಲ್ಲಿ ತನಗೊಬ್ಬನಿಗೇ ಗೊತ್ತು ಎಂದು ಬಲಗೈಯಣ್ಣ ಕೊಚ್ಚಿಕೊಳ್ಳದ ಕ್ಷೌರದಂಗಡಿ ನಮ್ಮಲ್ಲಿ ಇಲ್ಲ.

ಆಮೇಲೆ ಕಾರ್ಯಕ್ರಮ ನಿಂತಿತು. ಭಾವ ತೀರಿಕೊಂಡರು. ಕರಡಿ ಅಕ್ಕನ ಮನೆಯ ಬೀರುವಿನ ಮೇಲೆ ಹಳೇ ಬೆಡ್‌ಶೀಟು ಹೊದ್ದು ಕೂತಿತು. ಇವನು ಆಸ್ಪತ್ರೆಯೊಂದರ ಮುಂದೆ ಗಾಡಿಗಳಿಗೆ ಗೇಟು ಎತ್ತಿ ಇಳಿಸುವ ಕೆಲಸಕ್ಕೆ ಸೇರಿದ. ಕೈ ಮೇಲೆತ್ತಿ ನಿಲ್ಲುವುದು ಮಾತ್ರ ತಪ್ಪಲಿಲ್ಲ ನೋಡಿ ಎಂದು ಎಲ್ಲರೆದುರು ನಗುತ್ತಿದ್ದ. ಆ ನಗು ಗಂಟಲಿನಿಂದ ಕೆಳಗೆ ಇಳಿಯುತ್ತಿರಲಿಲ್ಲ. ಕೆಲವೊಮ್ಮೆ ಗೇಟು ಇಳಿಸಿದ ಮೇಲೂ ಕೈ ಮೇಲೆಯೇ ಇರುತ್ತಿತ್ತು. ಗಾಡಿಯವರು ಹಾರ್ನ್ ಹೊಡೆದು ಎಚ್ಚರಿಸುತ್ತಿದ್ದರು.

ಹೀಗಿರುವಾಗ ಸಿನಿಮಾದವರು ಬಂದರು. ಗುಡಾಣಪ್ಪನನ್ನು ಮತ್ತೆ ಎಬ್ಬಿಸಿ, ಅಜ್ಜಿಯಿಂದ ಮೊಮ್ಮಗುವಿನ ತನಕ ಮನೆಮಂದಿಯೆಲ್ಲ ಕೂತು ನೋಡುವಂಥ ಚಿತ್ರ ಮಾಡುತ್ತಾರಂತೆ, ಉದ್ದಕ್ಕೂ ಹಾಡುಗಳಂತೆ. ಅಕ್ಕ ಹೂಂ ಅಂದಳು. ಒಂದೇ ಷರತ್ತು, ಬಲಗೈ ನನ್ನ ತಮ್ಮನದೇ ಆಗಬೇಕು. ಅವರು ಒಪ್ಪಿದರು. ಇವನು ಮಾರನೆಯ ದಿನವೇ ಗೇಟಿನ ಕೆಲಸ ಬಿಟ್ಟ. ಸ್ವಲ್ಪ ತಡಿಯೋ ಅಂದಳು ಅಕ್ಕ. ತಡೆಯುವವನೇ?

ಗೋದಾಮಿನಂಥ ದೊಡ್ಡ ಕಟ್ಟಡದಲ್ಲಿ ಚಿತ್ರೀಕರಣ. ಕರಡಿಗೆ ಹೊಸ ಕೂದಲು ಹೊಲಿದಿದ್ದರು. ತಲೆ, ಎಡಗೈ ಆಡಿಸಲು ಬೇರೊಬ್ಬ ಕಲಾವಿದ ಬಂದಿದ್ದ, ಎಲ್ಲರೂ ಅವನನ್ನು ತಲೆಯವನು ಎನ್ನುತ್ತಿದ್ದರು. ಮೊದಲಿಗೇ ಹಾಡು. ಅದನ್ನು ಯಾರೋ ದೊಡ್ಡ ಗಾಯಕರು ಆಗಲೇ ಹಾಡಿ ಕೊಟ್ಟಾಗಿತ್ತು. ಸ್ಪೀಕರಿನಲ್ಲಿ ಹಾಡು ಬರುತ್ತದೆ, ತಲೆಯವನು ಅದಕ್ಕೆ ಸರಿಯಾಗಿ ಕರಡಿಯ ಬಾಯಿ ಆಡಿಸುತ್ತಾನೆ. ಬಲಗೈಯಣ್ಣ ಅವನ ಬೆನ್ನಿಗಂಟಿ ನಿಂತು ಉಸಿರಿಗೆ ಕಾದ. ಉಸಿರೇ ಬರಲಿಲ್ಲ. ಹಾಡದವನಿಗೆ ಉಸಿರೆಳೆಯುವ ದರ್ದೇನು? ಕರಡಿ "ಬನ್ನಿ" ಎಂದು ಕರೆದು ಸುಮ್ಮನಾದ ಮೇಲೆ ಕೈ ಬೀಸಿತು. ಅತ್ತು ಮುಗಿಸಿದ ಮೇಲೆ ಕಣ್ಣೊರೆಸಿಕೊಂಡಿತು.

ಮನೆಗೆ ಬಂದು ಹಾಡನ್ನು ಬಾಯಿಪಾಠ ಮಾಡಿದ. ಮಾರನೆಯ ದಿನವೂ ಅದೇ ಹಾಡು, ಅದೇ ಪಾಡು. ಹಾಡು ಗೊತ್ತಾದದ್ದು ಇವನ ತಲೆಗೆ. ಕೈಗೆ ಗೊತ್ತಿದ್ದದ್ದು ಉಸಿರೊಂದೇ, ಅದು ಕಾಯುವುದನ್ನು ಬಿಡಲಿಲ್ಲ. ಸ್ವಲ್ಪ ಜೋರಾಗಿ ಉಸಿರಾಡಪ್ಪಾ ಎಂದು ತಲೆಯವನನ್ನು ಬೇಡಿಕೊಂಡ. ನಾನೇನು ಕೆರೆಯಲ್ಲಿ ಮುಳುಗಿ ಎದ್ದಿದ್ದೀನಾ ಅಣ್ಣಾ ಎಂದು ಅವನು ರೇಗಿಸಿದ. ಕೊನೆಗೆ ಬಲಗೈಯಣ್ಣ ಅವನ ಬೆನ್ನಿಗೆ ಕಿವಿಯನ್ನೇ ಒತ್ತಿ ನಿಂತ. ತಲೆಯವನಿಗೆ ವಿಪರೀತ ಕಚಗುಳಿ. ತಾಯಿಯನ್ನು ನೆನೆದು ಅಳುವ ಸಾಲಿನಲ್ಲಿ ಕರಡಿ ಕಿಸಕ್ಕನೆ ನಕ್ಕು ಗಡಗಡ ಅಲುಗಾಡಿತು. ಎಲ್ಲರೂ ಬಿದ್ದು ಬಿದ್ದು ನಕ್ಕರು. ನಿರ್ದೇಶಕಿ ನಗಲಿಲ್ಲ. ಪಕ್ಕಕ್ಕೆ ಕರೆದಳು.

"ಅಂಕಲ್, ಚಿಕ್ಕೋಳಿದ್ದಾಗ ಈ ಕರಡಿ ಕೈ ಬೀಸಿದ್ರೆ ಟಿವಿ ಮುಂದೆ ನಾನೂ ಬೀಸ್ತಿದ್ದೆ. ಬೇಜಾರು ಮಾಡ್ಕೋಬೇಡಿ. ಊಟ ಆದ್ಮೇಲೂ ಹೀಗೇ ಆದ್ರೆ ಆ ಕೈನ ಹೊಟ್ಟೆಗೆ ಹೊಲಿಸ್ಬಿಡ್ತೀನಿ. ತೆರೆ ಮೇಲೆ ನಿಮ್ಮ ಹೆಸರು ಇದ್ದೇ ಇರುತ್ತೆ."

ಕಟ್ಟಡದ ಹಿಂದೆ ನೀರಿನ ಟ್ಯಾಂಕಿನ ಪಕ್ಕ ನಿಂತು ಅಕ್ಕನಿಗೆ ಫೋನು ಮಾಡಿದ. ಆ ತೋಳು ಹೊಲಿದುಬಿಟ್ಟರೆ ತಾನು ಯಾರು, ಬೀದಿಯವರು ತನ್ನನ್ನು ಏನೆಂದು ಕರೆಯಬೇಕು ಎಂದೆಲ್ಲ ಬಡಬಡಿಸಿದ. ಭಾವ ಮನೆಯಲ್ಲಿ ಮಾತಾಡುವಾಗ ಉಸಿರು ಹೇಗೆಳೆಯುತ್ತಿದ್ದರು ಹೇಳು, ಈ ತಲೆಯವನಿಗೆ ಕಲಿಸುತ್ತೇನೆ ಎಂದು ಗೋಗರೆದ. ಅಕ್ಕ ನಡುವೆಯೇ ತಡೆದಳು.

"ಮನೇಲಿ ಅವರು ಯಾವತ್ತೂ ಹಾಗೆ ಉಸಿರೆಳೀಲಿಲ್ಲ ಕಣೋ."

"ಅಂದ್ರೆ?"

"ನಿನಗೋಸ್ಕರ ಮಾಡ್ತಿದ್ರು. ಹೊಸದ್ರಲ್ಲಿ ನೀನು ಯಾವಾಗ್ಲೂ ಹಿಂದೆ ಬೀಳ್ತಿದ್ದೆ. ಇವನನ್ನ ತೆಗೀರಿ ಅಂದಿದ್ರು ಅಲ್ಲಿಯವರು. ಇವರು ಮನೆಗೆ ಬಂದು ಕನ್ನಡಿ ಮುಂದೆ ನಿಂತು, ಒಂದೊಂದು ಆಟಕ್ಕೂ ಒಂದೊಂದು ಉಸಿರು ಕಲಿತ್ರು. ಅವನಿಗೆ ಹೇಳ್ಬೇಡ, ತಾನೇ ಕಂಡ್ಕೊಂಡೆ ಅಂದ್ಕೊಳ್ಳಲಿ ಅಂದ್ರು."

ಕದ್ದು ತಿಂದೆ ಎಂದು ಇಷ್ಟು ವರ್ಷ ಬೀಗಿದ್ದು, ತಟ್ಟೆಗೆ ಬಡಿಸಿಟ್ಟದ್ದೇ ಆಗಿತ್ತು. ಬಲಗೈಯಣ್ಣ ಟ್ಯಾಂಕಿನ ಒದ್ದೆ ಗೋಡೆಗೆ ಹಣೆ ಹಚ್ಚಿದ.

"ಹಾಗಾದ್ರೆ ನನಗೆ ಏನೂ ಬರಲ್ವಾ ಅಕ್ಕಾ?"

"ಗೊತ್ತಿಲ್ಲ ಕಣೋ. ಹೋಗಿ ನಿಲ್ಲು. ನಿಲ್ಲೋದಂತೂ ಬರುತ್ತಲ್ಲ."

ಊಟ ಮಾಡಲಿಲ್ಲ. ಒಳಗೆ ಬಂದಾಗ ಬಟ್ಟೆ ಹೊಲಿಯುವಾಕೆ ಹಲಗೆಯ ಬುಡದಲ್ಲಿ ಸೂಜಿಗೆ ಕಂದು ದಾರ ಪೋಣಿಸಿಕೊಂಡು ಕೂತಿದ್ದಳು. ಇವನ ಮುಖ ನೋಡಿ ಕಣ್ಣು ತಗ್ಗಿಸಿದಳು. ಬಲಗೈಯಣ್ಣ ತಲೆಯವನಿಗೆ ಹೇಳಿದ: "ನೀನು ಉಸಿರೆಳೀಬೇಡ, ನಾನೇ ಎಳೀತೀನಿ. ಅದನ್ನ ಕೇಳಿ ನೀನು ತಲೆ ತಿರುಗ್ಸು."

"ಕೈ ಹಿಂದೆ ತಲೆ ಬರೋದಾ?"

"ಇವತ್ತೊಂದು ದಿನ ಬರಲಿ."

ಹಾಡು ಶುರುವಾಯಿತು. ಭಾವ ಎಳೆಯುತ್ತಿದ್ದ ಹಾಗೇ, ಸದ್ದು ಮಾಡಿ, ಉದ್ದಕ್ಕೆ ಎಳೆದ. ಕೆಮ್ಮು ಬಂತು. ಹಾಡನ್ನು ಮತ್ತೆ ಹಾಕಿಸಿದರು. ಕೈ ಎದ್ದಿತು, ತಲೆ ತಡವಾಯಿತು. ಮತ್ತೊಮ್ಮೆ. ಎದೆಯೊಳಗೆ ತಿದಿ ಹರಿದಂತೆ ಸದ್ದು, ವಯಸ್ಸು ಸುಮ್ಮನೆ ಬಿಡುತ್ತದೆಯೇ? ಆದರೆ ಈ ಸಲ ಉಸಿರು ಯಾರದೆಂದು ಕೈ ವಿಚಾರಿಸಲಿಲ್ಲ. ಕೇಳಿದ ತಕ್ಷಣ ಎದ್ದು ಬೀಸಿತು. ಹಾಡಿನ ಸಾಲು ಬರುವ ಹೊತ್ತಿಗೆ ತಲೆಯೂ ಬಂತು. ಕರಡಿ ಯಾರನ್ನೋ ಕರೆಯಿತು.

ನಿರ್ದೇಶಕಿ ಭೇಷ್ ಅನ್ನಲಿಲ್ಲ. "ಮುಂದಿನ ಸಾಲು" ಅಂದಳು.

ಹೀಗೆ ಸಾಲಿಗೊಂದು ಸಲ ಸೋತು, ಸಾಲಿಗೊಂದು ಸಲ ಉಳಿದು, ಅರ್ಧ ಹಾಡಿಗೆ ದಿನ ಮುಗಿಯಿತು. ಕೆಳಗೆ ಕೂತವನಿಗೆ ಏಳಲಾಗಲಿಲ್ಲ. ತಲೆಯವನೇ ಕಂಕುಳಿಗೆ ಕೈ ಕೊಟ್ಟು ಎಬ್ಬಿಸಿದ. ಬಸ್ಸಿನಲ್ಲಿ ಕೂತ ಮೇಲೆ ಅಕ್ಕನ ಫೋನು ಬಂತು.

"ಇವತ್ತು ಹೊಲೀಲಿಲ್ಲ" ಅಂದ.

"ನಾಳೆ?"

"ನಾಳೆ ಉಳಿದರ್ಧ. ಕರಡಿ ಓಡ್ತಾ ಹಾಡುತ್ತಂತೆ. ಎಲ್ಲೂ ನಿಲ್ಲೋದಿಲ್ವಂತೆ, ಉಸಿರೆಳೆಯೋಕೆ ಜಾಗಾನೇ ಇಲ್ವಂತೆ."

"ಏನ್ಮಾಡ್ತೀಯ?"

"ಗೊತ್ತಿಲ್ಲ" ಅಂದ ಬಲಗೈಯಣ್ಣ. ಫೋನು ಇಟ್ಟು, ಇಳಿಯುವ ಸ್ಟಾಪು ಬರುವ ತನಕ, ಎಲ್ಲಿ ಎಳೆಯಬಹುದೆಂದು ಆ ಹಾಡನ್ನು ಬಾಯೊಳಗೇ ಮೊದಲಿನಿಂದ ಹಾಡಿಕೊಂಡ.