ಬಜ್ಜಿ ಕರಿಯುವಾಗ ಆದ ತೀರ್ಮಾನ

ನನ್ನ ಲಿವರ್‌ನಲ್ಲಿ ಅರ್ಧಕ್ಕಿಂತ ಹೆಚ್ಚು ಕೊಯ್ದು ಗಂಡನಿಗೆ ಹಾಕಿಸುವುದೆಂದು ತೀರ್ಮಾನವಾದಾಗ ನಾನು ಚಳ್ಳಕೆರೆಯಲ್ಲಿ ಭಾವನವರ ಮನೆಯ ಅಡುಗೆಕೋಣೆಯಲ್ಲಿ ಮೆಣಸಿನಕಾಯಿ ಬಜ್ಜಿ ಕರಿಯುತ್ತಿದ್ದೆ. ಪಡಸಾಲೆಯಲ್ಲಿ ಅತ್ತೆ, ಭಾವ, ನನ್ನ ಗಂಡ. ಬೇರೆ ಲಿವರ್ ಹಾಕದಿದ್ದರೆ ಇವರು ವರ್ಷ ಕಳೆಯುವುದು ಕಷ್ಟ ಎಂದು ಬೆಂಗಳೂರಿನ ಡಾಕ್ಟರು ಹಿಂದಿನ ದಿನವಷ್ಟೇ ಹೇಳಿದ್ದರು. ಮನೆಯವರೇ ಯಾರಾದರೂ ಒಂದು ಭಾಗ ಕೊಡಬಹುದು, ಕೊಟ್ಟವರಿಗೆ ಅದು ಮತ್ತೆ ಬೆಳೆಯುತ್ತದೆ ಎಂದೂ ಹೇಳಿದ್ದರು.

"ನಂಗೆ ಶುಗರ್ ಐತೆ," ಎಂದರು ಭಾವ.

"ನೀನ್ಯಾಕಪ್ಪ? ಅವ್ಳಿಲ್ವಾ?" ಎಂದರು ಅತ್ತೆ.

ಅವಳನ್ನೊಂದು ಮಾತು ಕೇಳೋಣ ಎಂದು ಗಂಡನೂ ಅನ್ನಲಿಲ್ಲ. ನಾನು ಮಂಡಕ್ಕಿ, ಬಜ್ಜಿ ತಂದಿಡುವಷ್ಟರಲ್ಲಿ ಮಾತು ನಮ್ಮೂರು ಮೊಳಕಾಲ್ಮುರಿಗೆ ಎಷ್ಟು ಗಂಟೆಗೆ ಬಸ್ಸು ಎನ್ನುವಲ್ಲಿಗೆ ಹೋಗಿತ್ತು. ಆವತ್ತು ಹತ್ತಿದ ಸಿಟ್ಟು ಇವತ್ತಿಗೂ ಇಳಿದಿಲ್ಲ.

ನಮ್ಮದು ರೇಷ್ಮೆ ಸೀರೆ ನೇಯುವ ಮನೆ. ಗಂಡ ಮಗ್ಗದಲ್ಲಿ ನೇಯುತ್ತಿದ್ದರು, ನಾನು ಪಕ್ಕದಲ್ಲಿ ಕೂತು ಲಾಳಿಯೊಳಗೆ ಹಾಕುವ ನೂಲಿನ ಕಂಡಿಕೆ ಸುತ್ತುತ್ತಿದ್ದೆ. ಆ ಮನುಷ್ಯ ಹೆಂಡ ಮುಟ್ಟಿದವರಲ್ಲ, ಲಿವರ್ ತಿಂದದ್ದು ಯಾವುದೋ ವೈರಸ್ಸು. ಆದರೂ ಬೀದಿಯವರೆಲ್ಲ ಕುಡಿದು ಕೆಡಿಸಿಕೊಂಡ ಅಂದರು. ಹಾಗಂದು ಬಾಗಿಲಿಗೆ ಬಂದವರ ಜೊತೆ ಅವರ ಪರವಾಗಿ ಜಗಳವಾಡಿದವಳೂ ನಾನೇ.

ನನ್ನ ರಕ್ತ ಹೊಂದಿತು. ಉಳಿದ ಪರೀಕ್ಷೆಗಳೂ ಸರಿಹೋದವು. ಆಪರೇಷನ್ನಿಗೆ ಮುಂಚೆ ಆಸ್ಪತ್ರೆಯಲ್ಲಿ ಲಿವರ್ ಕೊಡುವವರ ಜೊತೆ ಮಾತಾಡುವ ಹುಡುಗಿಯೊಬ್ಬಳು ನನ್ನೊಬ್ಬಳನ್ನೇ ಕೋಣೆಗೆ ಕರೆದು ಬಾಗಿಲು ಹಾಕಿದಳು.

"ಅಮ್ಮ, ನಿಮಗೆ ಇಷ್ಟ ಇದೆಯಾ? ಇಲ್ಲದಿದ್ದರೆ ಹೇಳಿ. ನಿಮ್ಮ ಲಿವರ್ ಆಗಿಬರಲ್ಲ ಅಂತ ನಾವೇ ಮನೆಯವರಿಗೆ ಹೇಳ್ತೀವಿ. ಯಾರಿಗೂ ಗೊತ್ತಾಗಲ್ಲ."

ಹುಟ್ಟಿದಂದಿನಿಂದ ಯಾರೂ ನನ್ನನ್ನು ಹಾಗೆ ಕೇಳಿರಲಿಲ್ಲ. ಎರಡು ನಿಮಿಷ ಕೊಡವ್ವ ಎಂದು ಹೊರಗೆ ಬಂದೆ. ಗಂಡ ಬೆಂಚಿನ ಮೇಲೆ ಕೂತಿದ್ದರು. ಕಣ್ಣು ಅರಿಶಿನದಂತಾಗಿತ್ತು, ಹೊಟ್ಟೆ ನೀರು ತುಂಬಿ ಉಬ್ಬಿತ್ತು. ಅವರೆದುರು ಹೋಗಿ ನಿಂತೆ. ಈಗಲಾದರೂ ಕೇಳಲಿ, ಒಂದೇ ಒಂದು ಮಾತು ಕೇಳಲಿ ಎಂದು ಕಾದೆ.

"ಟೀ ಕುಡಿದ್ಯಾ?" ಎಂದರು.

ಒಳಗೆ ಹೋಗಿ, ನಂಗೆ ಒಪ್ಪಿಗೆ ಐತೆ ಅಂದೆ.

ಆಪರೇಷನ್ ಆಯಿತು, ಇಬ್ಬರೂ ಉಳಿದೆವು. ಊರಿಗೆ ಬಂದ ಮೇಲೆ ಮಾತಾಡಿಸಲು ಬಂದವರೆಲ್ಲ ಗಂಡನ ಕೈಗೆ ಹಣ್ಣು ಕೊಟ್ಟು, ನನಗೆ "ನಿನ್ನ ತಾಳಿ ಗಟ್ಟಿ ಐತೆ ಕಣವ್ವ" ಅಂದು ಹೋದರು. ತಾಳಿ ಕೊಯ್ಯಲಿಲ್ಲ ಕಣ್ರೀ, ಹೊಟ್ಟೆ ಕೊಯ್ದರು! ಗಂಡನಿಗೆ ಆಸ್ಪತ್ರೆಯವರು ದಪ್ಪನೆಯ ಫೈಲು ಕೊಟ್ಟಿದ್ದರು: ಕುದಿಸಿದ ನೀರು, ಮಾಸ್ಕು, ಜನಸಂದಣಿಗೆ ಹೋಗಬಾರದು, ಬೆಳಿಗ್ಗೆ ಒಂಬತ್ತಕ್ಕೆ ರಾತ್ರಿ ಒಂಬತ್ತಕ್ಕೆ ತಪ್ಪದೆ ಮಾತ್ರೆ. ನನಗೆ ಕೊಟ್ಟದ್ದು ಒಂದು ಹಾಳೆ. ಫೋನಿನಲ್ಲಿ ಅಲಾರಾಂ ಹೊಡೆದಾಗಲೆಲ್ಲ ಬಿಸಿನೀರು ಹಿಡಿದು ಓಡುವುದು ನನ್ನ ಕೆಲಸವಾಯಿತು.

ಅವರಿಗೆ ಮಗ್ಗ ಆಗುವುದಿಲ್ಲ ಎಂದಾಯಿತು. ತವರಿನಲ್ಲಿ ನೇಯುವುದು ಕಲಿತಿದ್ದೆ, ಮಗ್ಗದ ಕೆಳಗಿನ ಗುಂಡಿಗೆ ಕಾಲು ಇಳಿಬಿಟ್ಟು ನಾನು ನೇಯಲು ಕೂತೆ. ಅವರು ಕಂಡಿಕೆ ಸುತ್ತತೊಡಗಿದರು. "ಪಾಪ, ಹೆಂಡ್ತಿಗೆ ಎಷ್ಟು ಸಹಾಯ ಮಾಡ್ತಾನೆ ನೋಡ್ರಿ" ಎಂದು ಬೀದಿಯೆಲ್ಲ ಹೊಗಳಿಕೆ. ನೇಯ್ದ ಸೀರೆ ಸುತ್ತಿಕೊಳ್ಳುವ ದಿಂಡು ನೇಯುವವರ ಹೊಟ್ಟೆಗೆ ತಾಗಿಕೊಂಡೇ ಇರುತ್ತದೆ. ಪ್ರತಿ ಎಳೆಗೂ ಬಾಗಿದಾಗ ಅದು ನನ್ನ ಆಪರೇಷನ್ನಿನ ಹೊಲಿಗೆಯ ಮೇಲೇ ಒತ್ತುತ್ತಿತ್ತು. ಹಳೆಯ ಟವಲ್ಲು ಮಡಿಸಿ ನಡುವೆ ಇಟ್ಟುಕೊಂಡು ಒಂದು ವರ್ಷ ನೇಯ್ದೆ.

ಮೊನ್ನೆ ಬೆಳಿಗ್ಗೆ ಅವರ ಕಣ್ಣಿಗೆ ಅದು ಬಿತ್ತು.

"ಇದ್ಯಾಕೆ ಇಲ್ಲಿ ಟವಲ್ಲು?"

"ದಿಂಡು ಹೊಲಿಗೆಗೆ ಒತ್ತುತ್ತೈತೆ."

"ಯಾವ ಹೊಲಿಗೆ?"

ಕೈಯಲ್ಲಿದ್ದ ಲಾಳಿಯನ್ನು ಎತ್ತಿ ಗೋಡೆಗೆ ಒಗೆದೆ. ಬಜ್ಜಿಯಿಂದ ಹಿಡಿದು ಟೀವರೆಗೆ ಎಲ್ಲ ಒದರಿದೆ. ಪಕ್ಕದ ಮನೆಯ ಮಗ್ಗದ ಸದ್ದು ನಿಂತಿತು. ಕೇಳಿಸಿಕೊಳ್ಳಲಿ ಎಂದು ಇನ್ನೂ ಜೋರಾಗಿ ಕೂಗಿದೆ. ಅವರು ಸುತ್ತುತ್ತಿದ್ದ ಕಂಡಿಕೆ ಕೆಳಗಿಟ್ಟರು.

"ಆವತ್ತು ಕೇಳಿದ್ರೆ ಕೊಡ್ತಿದ್ಯಾ?"

"ಕೊಡ್ತಿದ್ದೆ ಕಣ್ರೀ! ಅದಕ್ಕೇ ನಂಗೆ ಸಿಟ್ಟು. ನಾನು ಕೊಡೋಕೆ ಮುಂಚೇನೇ ನೀವೆಲ್ಲ ತಗೊಂಡುಬಿಟ್ರಿ."

ಅಷ್ಟರಲ್ಲಿ ಒಂಬತ್ತರ ಅಲಾರಾಂ ಹೊಡೆಯಿತು. ನಾನು ಮಗ್ಗದಿಂದ ಏಳಲಿಲ್ಲ. ಅದು ಹೊಡೆದುಕೊಳ್ಳುತ್ತಲೇ ಇತ್ತು. ಕೊನೆಗೆ ಅವರೇ ಎದ್ದು ನೀರು ಬಿಸಿ ಮಾಡಲು ಒಳಗೆ ಹೋದರು.