ನಾನು ನೋಡದ ನಮ್ಮೂರು

ಬಸ್ಸಿನಲ್ಲಿ ಪಕ್ಕದವರು "ಯಾವೂರು ತಮ್ಮದು?" ಎಂದು ಕೇಳಿದರೆ ನಾನು ಇಂದಿಗೂ ತಡವರಿಸುತ್ತೇನೆ. ವಯಸ್ಸು, ಸಂಬಳ ಕೇಳಿದರೂ ಥಟ್ಟನೆ ಹೇಳುವವನು, ಊರು ಕೇಳಿದಾಗ ಮಾತ್ರ ಓದದೆ ಬಿಟ್ಟ ಪಾಠದ ಮೇಲೇ ಪ್ರಶ್ನೆ ಬಿದ್ದ ವಿದ್ಯಾರ್ಥಿಯಂತಾಗುತ್ತೇನೆ.

ಇದಕ್ಕೆ ಕಾರಣ ನಮ್ಮ ಕ್ಯಾಂಪು. ತುಂಗಭದ್ರೆಯ ಕಾಲುವೆಗೆ ನೀರು ಬಿಟ್ಟ ಹೊಸದರಲ್ಲಿ ಗೋದಾವರಿ ಸೀಮೆಯ ಭತ್ತದ ರೈತರು ಬಂದು ಸಿರುಗುಪ್ಪದ ಸುತ್ತ ಕರಿ ನೆಲ ಕೊಂಡರು, ಗುಡಿಸಲು ಹಾಕಿದರು, ಆ ವಸತಿಗಳನ್ನು ಕ್ಯಾಂಪು ಎಂದು ಕರೆದರು. ಗುಡಿಸಲು ಹೋಗಿ ತಾರಸಿ ಮನೆಗಳು ಬಂದರೂ, ನಾಳೆಯೇ ಗಂಟುಮೂಟೆ ಕಟ್ಟುವವರ ಹಾಗೆ ಹೆಸರು ಮಾತ್ರ ಕ್ಯಾಂಪೆಂದೇ ಉಳಿಯಿತು. ಅಲ್ಲಿ ಹುಟ್ಟಿದ ಮಕ್ಕಳಿಗೆ ಒಂದು ಪಾಠ ಕಡ್ಡಾಯ. ಯಾರಾದರೂ ಊರು ಕೇಳಿದರೆ ಸಿರುಗುಪ್ಪ ಎನ್ನಕೂಡದು. ಅಪ್ಪ ಬಿಟ್ಟುಬಂದ ಹಳ್ಳಿಯ ಹೆಸರನ್ನೇ ಹೇಳಬೇಕು. ಮಗ ಓದಿ ದೊಡ್ಡವನಾಗಿ ಅದೇ ಹಳ್ಳಿಗೆ ಹಿಂದಿರುಗಿ, ನಾಲ್ಕು ಜನರೆದುರು ತಲೆಯೆತ್ತಿ ನಡೆಯಬೇಕೆಂಬುದು ನನ್ನ ಅಪ್ಪನ ಆಸೆ.

ಪಾಠವನ್ನು ನಾನು ತಪ್ಪಿಲ್ಲದೆ ಒಪ್ಪಿಸುತ್ತಿದ್ದೆ. ಬಳ್ಳಾರಿಯಲ್ಲಿ ಕಾಲೇಜು ಸೇರಿ, ಗಾಂಧಿನಗರದಲ್ಲಿ ಕುರುಗೋಡಿನ ಬಸವರಾಜನ ಜೊತೆ ಕೋಣೆ ಹಿಡಿದಾಗ ಅದಕ್ಕೆ ಮೊದಲ ಏಟು ಬಿತ್ತು.

"ಏನಲೇ, ಗೋದಾವರಿ ಕಡ್ಯಾವ ಅಂತೀಯಲ್ಲ, ಆ ಊರು ಒಮ್ಮೆರ ನೋಡೀಯೇನು?"

"ಇಲ್ಲ."

"ನೋಡಲಾರದ ಊರನ್ನ ನಮ್ಮೂರು ಅನ್ನಬೋದಂದ್ರ, ನಂದು ಲಂಡನ್ ಅಂತ ಬರ್ಕ! ಏಳಲೇ, ಹೊಟ್ಟಿ ಹಸದೈತಿ, ರೊಟ್ಟಿ ತಿನ್ನಾಕ ಹೋಗೂಣು."

ಮರುವರ್ಷ ಬಂಧುಗಳ ಮದುವೆಗೆಂದು ಆ ಊರನ್ನೂ ನೋಡಿದೆ. ತೆಂಗಿನ ಮರಗಳ ಚೆಂದದ ಊರು. ಆದರೆ ನಾನು ಬಾಯಿ ತೆರೆದೊಡನೆ ಚಪ್ಪರದ ತುಂಬ ನಗು. ನನ್ನ ತೆಲುಗು ಅವರಿಗೆ ಕನ್ನಡದಂತೆ ಕೇಳಿಸಿತಂತೆ. ಮದುವೆ ಮುಗಿಯುವವರೆಗೂ ನನ್ನ ಹೆಸರು 'ಬಳ್ಳಾರಿ ಹುಡುಗ'. ಹಿಂದಿರುಗುವಾಗ ರೈಲಿನಲ್ಲಿ ಅಪ್ಪ ಕಿಟಕಿಯ ಕಡೆಗೇ ಮುಖ ಮಾಡಿ ಕುಳಿತಿದ್ದ. ನನಗೋ, ಒಳಗೊಳಗೇ ಆ ಹೆಸರು ಹಿಡಿಸಿಬಿಟ್ಟಿತ್ತು. ನೋಡಿ, ನಾನು ಹುಟ್ಟುವುದಕ್ಕೆ ಕೆಲವು ವರ್ಷ ಮುಂಚೆ ಬಳ್ಳಾರಿಯೇ ಆಂಧ್ರಕ್ಕೋ ಮೈಸೂರಿಗೋ ಎಂದು ದೊಡ್ಡ ದೊಡ್ಡವರು ಜಗಳವಾಡಿದ್ದರು. ಊರಿಗೂರೇ ಅಷ್ಟು ತಿಣುಕಾಡಿದ ಪ್ರಶ್ನೆಗೆ ನನ್ನಂಥವನು ಒಂದೇ ಉಸಿರಿನಲ್ಲಿ ಉತ್ತರ ಹೇಳಬೇಕೆಂದರೆ ಹೇಗೆ?

ಧಾರವಾಡದಲ್ಲಿ ಇತಿಹಾಸ ಓದಿ, ಸಾಕ್ಷಿಯಿಲ್ಲದೆ ಏನನ್ನೂ ನಂಬಬಾರದೆಂಬ ಚಟ ಹತ್ತಿಸಿಕೊಂಡು, ಬಳ್ಳಾರಿಯಲ್ಲೇ ಕಾಲೇಜು ಮೇಷ್ಟ್ರಾದೆ. ಆ ವರ್ಷ ಅಮ್ಮನ ಅಣ್ಣ ಕ್ಯಾಂಪಿಗೆ ಬಂದ. ಊಟಕ್ಕೆ ಕುಳಿತಾಗ ಮಾತು ತೆಗೆದ. ಮನೆಯ ಮಾತು ತೆಲುಗು. ಅದನ್ನು ನಾನು ಬಳ್ಳಾರಿ ಕನ್ನಡಕ್ಕೆ ಇಳಿಸಿದ್ದೇನೆ.

"ಬಾವ, ಹುಡುಗಗ ನಮ್ಮ ಕಡೆ ಕಾಲೇಜಿನ್ಯಾಗ ಕೆಲ್ಸ ನೋಡೀನಿ. ನೀವಂತೂ ಬರಲಿಲ್ಲ. ಇವನರ ತನ್ನೂರಿಗೆ ಬರ್ಲಿ."

ಅಪ್ಪ ವರ್ಷಗಟ್ಟಲೆ ಕಾದಿದ್ದ ಮಾತು ಅದು. ಅವನು ಹೂಂ ಅಂದಿದ್ದರೆ ನನ್ನ ಪೆಟ್ಟಿಗೆ ಮರುವಾರವೇ ರೈಲು ಹತ್ತುತ್ತಿತ್ತು. ಆಗ ನಾನು ತಲೆಯೆತ್ತಿ, "ನಮ್ಮೂರು ಸಿರುಗುಪ್ಪ, ಮಾವಯ್ಯ. ನಾ ಎಲ್ಲಿಗೂ ಬರಂಗಿಲ್ಲ" ಎಂದೆ. ಹಾಗೆಂದು ನನ್ನ ನೆನಪು. ಈ ಪರಾಕ್ರಮವನ್ನು ಹೆಂಡತಿಗೆ ಹೇಳಿದ್ದೇನೆ, ಬಸವರಾಜನಿಗೆ ಹೇಳಿದ್ದೇನೆ, ಪಾಠದ ನಡುವೆ ವಿದ್ಯಾರ್ಥಿಗಳಿಗೂ ಹೇಳಿದ್ದೇನೆ.

ಮೊನ್ನೆ ಅಮ್ಮನ ಎದುರಿಗೇ ಹೇಳಿ ಸಿಕ್ಕಿಬಿದ್ದೆ. ಪುಂಡಿಪಲ್ಲೆಯ ಸೊಪ್ಪು ಬಿಡಿಸುತ್ತಿದ್ದವಳು ಕೈ ನಿಲ್ಲಿಸಿದಳು.

"ನೀ ಎಲ್ಲಿ ಅಂದಿ? ಕಲಸಿದ್ದ ಅನ್ನಾನ ಮತ್ತ ಮತ್ತ ಕಲಸ್ಕೊಂತ ಕುಂತಿದ್ದಿ. ಅಂದಾತ ನಿಮ್ಮಪ್ಪ."

"ಏನಂದ?"

"'ಇವನೂರು ಇದ, ಬಾವ. ಊರು ಬಿಡಾದು ಎಂಥಾದ್ದು ಅಂತ ನನಗ ಗೊತ್ತೈತಿ. ನಾ ಬಿಟ್ಟಿದ್ದು ಸಾಕು. ಇವನ ಊರನ್ನೂ ಇವನ ಕೈಲೆ ಬಿಡಸಲೇನು?' ಅಂದ. ನಮ್ಮಣ್ಣ ಮಜ್ಜಿಗಿ ಹಾಕಿಸ್ಕೊಳ್ಳದ ಎದ್ದುಬಿಟ್ಟ."

ಅಪ್ಪನನ್ನೇ ಕೇಳಿದೆ. "ಅದೆಲ್ಲ ಯಾರಿಗೆ ನೆನಪೈತಿ? ಅವತ್ತು ಮಜ್ಜಿಗಿ ಹುಳಿ ಇತ್ತು" ಎಂದು ಟವೆಲ್ಲು ಕೊಡವಿ ಹೊಲಕ್ಕೆ ಹೊರಟ.

ಇತಿಹಾಸದ ಮೇಷ್ಟ್ರಾಗಿ ಸಾಕ್ಷಿಗಳನ್ನು ತೂಗಿ ನೋಡಿದೆ. ಆ ಕಾಲದಲ್ಲಿ ಅಪ್ಪನೆದುರು ಕುರ್ಚಿಯಲ್ಲಿ ಕೂರುವ ಧೈರ್ಯವೂ ನನಗಿರಲಿಲ್ಲ. ಅವನ ಬಾವನಿಗೆ ಎದುರಾಡುವುದು ದೂರದ ಮಾತು. ಅಮ್ಮನಿಗೆ ಸುಳ್ಳು ಹೇಳುವ ಅಗತ್ಯವಿಲ್ಲ. ತೀರ್ಪು ನನ್ನ ವಿರುದ್ಧ ಬಂತು. ಬೇಸರವಾಗಬೇಕಿತ್ತು. ಅದರ ಬದಲು ಎದೆ ಇಷ್ಟಗಲ ಆಯಿತು.

ಕಥೆಯನ್ನು ಈಗಲೂ ಹೇಳುತ್ತೇನೆ, ಆ ಮಾತನ್ನು ಅಪ್ಪನ ಬಾಯಲ್ಲಿ ಇಟ್ಟು. ನಾನು ಹೇಳಿದ್ದೆಂದು ಹೇಳುತ್ತಿದ್ದಾಗ ಕೇಳಿದವರು ನಕ್ಕು ಸುಮ್ಮನಾಗುತ್ತಿದ್ದರು. ಈಗ, "ನಿಮ್ಮ ತಂದೆಯವರನ್ನ ಒಮ್ಮೆ ನೋಡಬೇಕಲ್ರೀ" ಅನ್ನುತ್ತಾರೆ.